ಜ್ವರಕ್ಕೇ ಗುಡಿ ಕಟ್ಟಿದ್ದರಂತೆ ರೋಮನ್ನರು, ಫೆಬ್ರಿಸ್ ಅಂತ. ನಮ್ಮ ಮಾರಿ ಥರಾನಾ?

ಕೋಡಿಬಾಗ್ ಹುಡುಗಿ, ಕಾರವಾರ

ಬಿ.ಎ. ಇತಿಹಾಸದ ಸೆಮಿನಾರಿಗೆ ರೋಮನ್ನರ ದೇವರುಗಳಲ್ಲಿ ಒಬ್ಬರನ್ನು ಆರಿಸಿಕೊಂಡು ಮಾತಾಡಬೇಕು. ಜೂಪಿಟರ್, ವೀನಸ್, ಮಿನರ್ವಾ, ಡಯಾನಾ ಎಲ್ಲ ಮೊದಲ ದಿನವೇ ಖಾಲಿ. ಉಳಿದವರನ್ನು ಹುಡುಕುತ್ತಾ ಹೋದಾಗ ಫೆಬ್ರಿಸ್ ಅನ್ನೋ ದೇವಿ ಸಿಕ್ಕಿದಳು. ಜ್ವರದ ದೇವಿ. ಜ್ವರ ವಾಸಿ ಮಾಡುವವಳು ಅಂತಲ್ಲ, ಜ್ವರವೇ ಅವಳು. ಪ್ಯಾಲಟೈನ್ ಗುಡ್ಡದ ಮೇಲೆ ಅವಳಿಗೆ ಗುಡಿ ಇತ್ತಂತೆ. ರೋಮ್ ಊರು ಹುಟ್ಟಿದ್ದೇ ಆ ಗುಡ್ಡದಲ್ಲಿ ಅಂತ ಅವರು ನಂಬಿದ್ದರು, ಆಮೇಲೆ ಚಕ್ರವರ್ತಿಗಳು ಅರಮನೆ ಕಟ್ಟಿಕೊಂಡಿದ್ದೂ ಅಲ್ಲೇ. ಅಂಥ ಕಡೆ ಜ್ವರಕ್ಕೆ ಯಾಕೆ ಜಾಗ ಕೊಟ್ಟರು?

ಇಂಟರ್ನೆಟ್ಟಿನಲ್ಲಿ ಸಿಗೋದು ಎರಡೆರಡು ಸಾಲು, ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದ ಹಾಗಿದೆ. ಕಥೆ ಇಲ್ಲ, ಮೂರ್ತಿ ಇಲ್ಲ, ಹಬ್ಬ ಇಲ್ಲ. ಶಿರಸಿಯ ಚಿಕ್ಕಪ್ಪನಿಗೆ ಫೋನಿನಲ್ಲಿ ಹೇಳಿದರೆ, "ಅದರಲ್ಲೇನಿದೆ, ನಮ್ಮ ಮಾರಿಯಮ್ಮನೇ ಅಲ್ಲಿಯೂ ಇದ್ದಳು ಅಂತ ಬರಿ, ಮುಗೀತು" ಅಂದರು. ಹಾಗೆ ಬರೆದರೆ ನಮ್ಮ ಮೇಡಂ ಬಿಡೋದಿಲ್ಲ. ಅವಳನ್ನು ನಿಜವಾಗಿ ಪೂಜೆ ಮಾಡುತ್ತಿದ್ದರಾ, ಅಥವಾ ಕವಿಗಳು ಸುಮ್ನೆ ಕಟ್ಟಿದ ಹೆಸರಾ? ಮಾಡುತ್ತಿದ್ದರೆ ಏನು ಬೇಡಿಕೊಳ್ಳುತ್ತಿದ್ದರು? ಮಾರಿಗೆ ಹೋಲಿಸಬಹುದಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಬರೆಯಿರಿ.

ನಿವೃತ್ತ ಮೇಷ್ಟ್ರು, ಹೊನ್ನಾವರ

ಪೂಜೆ ನಿಜ, ಅದರಲ್ಲಿ ಅನುಮಾನ ಬೇಡ. ಗುಡಿ ಒಂದಲ್ಲ, ಮೂರು ಇದ್ದವು. ತಿಬೇರಿಯಸ್ ಚಕ್ರವರ್ತಿ ಆಳುತ್ತಿದ್ದ ಕಾಲದಲ್ಲಿ, ಅಂದರೆ ಕ್ರಿ.ಶ. 14ರಿಂದ 37ರ ನಡುವೆ, ವಲೇರಿಯಸ್ ಮ್ಯಾಕ್ಸಿಮಸ್ ಎಂಬಾತ ಹಳೆಯ ಕಾಲದ ಜನ ಹೇಗೆ ಬದುಕುತ್ತಿದ್ದರು ಅಂತ ಬರೆಯುತ್ತಾ ಈ ಮೂರನ್ನೂ ಜಾಗದ ಸಮೇತ ಹೇಳುತ್ತಾನೆ. ಒಂದು ಪ್ಯಾಲಟೈನ್ ಮೇಲೆ. ಇನ್ನೊಂದು ಮಾರಿಯಸ್ ಎಂಬ ಸೇನಾಪತಿಯ ವಿಜಯ ಸ್ಮಾರಕಗಳಿದ್ದ ಬಯಲಿನಲ್ಲಿ. ಮೂರನೆಯದು ಕ್ವಿರಿನಲ್ ಮತ್ತು ವಿಮಿನಲ್ ಗುಡ್ಡಗಳ ನಡುವೆ ಹೋಗುತ್ತಿದ್ದ ಒಂದು ಉದ್ದನೆಯ ಬೀದಿಯ ಮೇಲ್ತುದಿಯಲ್ಲಿ. ತಾನು ಬರೆಯುವ ಹೊತ್ತಿಗೂ ಇವು ನಿಂತಿವೆ ಅಂತ ಸ್ಪಷ್ಟವಾಗಿಯೇ ಹೇಳುತ್ತಾನೆ.

ನಿಮ್ಮ ಸೆಮಿನಾರಿಗೆ ಬೇಕಾದ ಮಾತು ಅದೇ ಜಾಗದಲ್ಲಿ ಇದೆ. ಬೇರೆ ದೇವರುಗಳನ್ನು ಒಳ್ಳೆಯದು ಮಾಡಲಿ ಅಂತ ಪೂಜಿಸುತ್ತಿದ್ದರು, ಜ್ವರವನ್ನು ಮಾತ್ರ ಕಡಿಮೆ ಕೆಡುಕು ಮಾಡಲಿ ಅಂತ ಪೂಜಿಸುತ್ತಿದ್ದರು. ಇಷ್ಟೇ ಅವನ ಮಾತಿನ ಅರ್ಥ. ಇದನ್ನು ಓದಿದಾಗಲೆಲ್ಲ ಆ ಜನರ ಬಗ್ಗೆ ನನಗೆ ಒಂದು ಥರ ಗೌರವ ಬರುತ್ತದೆ. ಜ್ವರ ಊರು ಬಿಟ್ಟು ಹೋಗಲಿ ಅಂತ ಅವರು ಕೇಳಲಿಲ್ಲ, ಅದು ಹೋಗೋದಿಲ್ಲ ಅಂತ ಅವರಿಗೆ ಗೊತ್ತಿತ್ತು. ಈ ವರ್ಷ ಸ್ವಲ್ಪ ಕಮ್ಮಿ ಮಾಡಮ್ಮ, ಅಷ್ಟು ಸಾಕು. ಸೈನ್ಯ ಕಟ್ಟಿ ಅರ್ಧ ಪ್ರಪಂಚ ಗೆದ್ದ ಜನ ತಮ್ಮ ಊರಿನಲ್ಲೇ ಇದ್ದ ಈ ಒಬ್ಬಳ ಜೊತೆ ಚೌಕಾಸಿಗೆ ಇಳಿದಿದ್ದರು.

ಇನ್ನೊಂದು ವಿವರವನ್ನೂ ಅವನೇ ಕೊಡುತ್ತಾನೆ. ರೋಗಿಗಳ ಮೈಗೆ ಕಟ್ಟಿದ್ದ ಔಷಧಿಗಳನ್ನು, ತಾಯತದಂಥವು ಅಂತ ಇಟ್ಟುಕೊಳ್ಳಿ, ಆ ಗುಡಿಗಳಿಗೆ ತಂದು ಒಪ್ಪಿಸುತ್ತಿದ್ದರು. ಗುಣವಾದ ಮೇಲೆ ಹರಕೆ ತೀರಿಸಲು ತರುತ್ತಿದ್ದರೋ, ಮೈಯಿಂದ ಬಿಚ್ಚಿದ್ದನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ತರುತ್ತಿದ್ದರೋ, ಎರಡರ ವಾಸನೆಯೂ ಅದರಲ್ಲಿದೆ.

ಎಲ್ಲರೂ ಇದನ್ನು ಒಪ್ಪಿದ್ದರು ಅಂತಲ್ಲ. ರೋಮ್‌ನ ದೊಡ್ಡ ವಾಗ್ಮಿ ಸಿಸೆರೋಗೆ ಈ ಗುಡಿ ಕಂಡರೆ ಆಗುತ್ತಿರಲಿಲ್ಲ. ಪ್ಯಾಲಟೈನ್ ಮೇಲಿನ ಜ್ವರದ ಹಳೇ ಬಲಿಪೀಠವನ್ನೂ ಎಸ್ಕ್ವಿಲಿನ್ ಮೇಲಿನ ದುರದೃಷ್ಟ ದೇವಿಯ ಪೀಠವನ್ನೂ ಒಟ್ಟಿಗೆ ಹೆಸರಿಸಿ, ಇಂಥವೆಲ್ಲ ಅಸಹ್ಯ, ಒಳ್ಳೆಯ ಗುಣಗಳಿಗೆ ಗುಡಿ ಕಟ್ಟಬೇಕೇ ಹೊರತು ಕೆಡುಕಿಗಲ್ಲ ಅಂತ ಸಿಡುಕುತ್ತಾನೆ. ಆದರೆ ಗಮನಿಸಿ, ಅದನ್ನು "ಹಳೆಯದು" ಅಂತ ಅವನೇ ಕರೆಯುತ್ತಾನೆ. ಅವನು ಕ್ರಿ.ಪೂ. 1ನೇ ಶತಮಾನದವನು. ಅಂದರೆ ಪೂಜೆ ಅದಕ್ಕಿಂತ ತುಂಬಾ ಹಿಂದಿನದು. ಪ್ಲಿನಿ ಅಂತ ಇನ್ನೊಬ್ಬ, ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದಾಗ ಸತ್ತವನು, ಅವನೂ ಇದನ್ನು ಹೇಳುತ್ತಾನೆ. ಜನ ಹೆದರಿಕೆಯಿಂದ ಪಿಡುಗುಗಳಿಗೂ ದೇವರ ಪಟ್ಟ ಕೊಟ್ಟರು, ಅದಕ್ಕೇ ಜ್ವರಕ್ಕೆ ಸರ್ಕಾರಿ ಲೆಕ್ಕದಲ್ಲೇ ಗುಡಿ ಬಂತು ಅಂತ. ಅವನ ಮಾತಿನಲ್ಲಿ ನನಗೆ ಮುಖ್ಯ ಅನಿಸೋದು ಆ ಸರ್ಕಾರಿ ಲೆಕ್ಕವೇ. ಯಾವನೋ ಒಬ್ಬ ಬಡವ ಹರಕೆ ಹೊತ್ತು ಮೂಲೆಯಲ್ಲಿ ಇಟ್ಟ ಕಲ್ಲಲ್ಲ ಅದು, ಊರಿಗೆ ಊರೇ ಒಪ್ಪಿ ಕಟ್ಟಿದ್ದು.

ಸ್ಲೈಡು ಮತ್ತು ಸೂಜಿ, ಕುಮಟಾ

ನಾನು ಲ್ಯಾಬಿನಲ್ಲಿ ರಕ್ತದ ಸ್ಲೈಡು ನೋಡುವವನು, ದೇವರ ವಿಷಯ ಮೇಷ್ಟ್ರಿಗೇ ಬಿಟ್ಟೆ. ಆದರೆ ಈ "ಜ್ವರ" ಯಾವ ಜ್ವರ ಅಂತ ಹೇಳದೆ ಮುಂದೆ ಹೋದರೆ ಸೆಮಿನಾರು ಅರ್ಧ. ನೆಗಡಿ ಕೆಮ್ಮಿನ ಜ್ವರಕ್ಕೆ ಯಾರೂ ಮೂರು ಗುಡಿ ಕಟ್ಟೋದಿಲ್ಲ. ಅದು ಮಲೇರಿಯಾ, ನಮ್ಮ ಅಜ್ಜಿಯರು ಚಳಿಜ್ವರ ಅನ್ನುತ್ತಿದ್ದದ್ದು.

ರೋಮನ್ನರು ಜ್ವರವನ್ನು ದಿನ ಎಣಿಸಿ ವಿಂಗಡಿಸುತ್ತಿದ್ದರು. ಒಂದು ದಿನ ಬಿಟ್ಟು ಒಂದು ದಿನ ಏರುವುದು ಒಂದು ಜಾತಿ. ಜ್ವರ ಬಂದ ದಿನವನ್ನೂ ಸೇರಿಸಿ ಎಣಿಸುತ್ತಿದ್ದರಿಂದ ಅದು ಅವರಿಗೆ "ಮೂರನೇ ದಿನದ ಜ್ವರ", ಟರ್ಷಿಯನ್. ಎರಡು ದಿನ ಬಿಟ್ಟು ಬರುವುದು "ನಾಲ್ಕನೇ ದಿನದ್ದು", ಕ್ವಾರ್ಟನ್. ಈಗ ನಮಗೆ ಕಾರಣ ಗೊತ್ತಿದೆ. ಪರಾವಲಂಬಿ ಜೀವಿ ಕೆಂಪು ರಕ್ತಕಣದೊಳಗೆ ಬೆಳೆದು, ಕಣ ಒಡೆದು ಹೊರಗೆ ಬರುವಾಗ ಜ್ವರ ಏರುತ್ತದೆ. ಈ ಪರಾವಲಂಬಿಯ ವೈವಾಕ್ಸ್ ಮತ್ತು ಫಾಲ್ಸಿಪಾರಂ ಜಾತಿಗಳಿಗೆ ಸುಮಾರು 48 ಗಂಟೆಯ ಚಕ್ರ, ಮಲೇರಿಯೇ ಅನ್ನೋ ಜಾತಿಗೆ 72 ಗಂಟೆ. ಸೂಕ್ಷ್ಮದರ್ಶಕ ಇಲ್ಲದೆ, ಹಾಸಿಗೆ ಪಕ್ಕ ಕೂತು ಬೆರಳು ಮಡಚಿ ಅವರು ಕಂಡುಕೊಂಡ ಲೆಕ್ಕ ಸರಿಯಾಗಿಯೇ ಇತ್ತು. ಫಾಲ್ಸಿಪಾರಂ ಜ್ವರ ಮಾತ್ರ ಪೂರ್ತಿ ಇಳಿಯದೆ ಮತ್ತೆ ಏರುತ್ತದೆ, ಕೊಲ್ಲುವುದೂ ಅದೇ. ಅದನ್ನು ಅವರು "ಅರೆ-ಟರ್ಷಿಯನ್" ಅನ್ನುತ್ತಿದ್ದರು. ಗ್ಯಾಲೆನ್ ಎಂಬ ದೊಡ್ಡ ವೈದ್ಯ, 2ನೇ ಶತಮಾನದಲ್ಲಿ ರೋಮ್‌ನಲ್ಲೇ ಇದ್ದವನು, ಈ ಜ್ವರ ಉಂಟೋ ಇಲ್ಲವೋ ಅಂತ ಹಳೆಯ ಗ್ರೀಕ್ ವೈದ್ಯ ಹಿಪಾಕ್ರಟಿಸ್‌ನ ಸಾಕ್ಷಿ ಯಾಕೆ ಬೇಕು, ರೋಮ್‌ನಲ್ಲಿ ದಿನಾ ಕಣ್ಣೆದುರಿಗೇ ಕಾಣುತ್ತದಲ್ಲ ಅಂತ ಬರೆದಿದ್ದಾನೆ.

ಮತ್ತೆ ಸುಮ್ನೆ ಒಂದೇ ಜ್ವರ ಅಂತ ಪೂಜಿಸಿ ಬಿಟ್ಟಿಲ್ಲ. ಉತ್ತರ ಬ್ರಿಟನ್‌ನಲ್ಲಿ ಟರ್ಷಿಯಾನಾ ಅನ್ನೋ ದೇವಿಯ ಹೆಸರಿನ ಕಲ್ಲು ಸಿಕ್ಕಿದೆ. ದಕ್ಷಿಣ ಫ್ರಾನ್ಸಿನ ನೀಮ್ ಊರಿನಲ್ಲಿ ಒಬ್ಬ ಹೆಂಗಸು ಕ್ವಾರ್ಟಾನಾಗೆ ಹರಕೆ ತೀರಿಸಿದ ಶಾಸನ ಇದೆ. ಅಂದರೆ ನನಗೆ ಬಂದದ್ದು ಯಾವ ಜ್ವರವೋ ಅದರ ಹೆಸರಿನವಳಿಗೇ ಸಂದಾಯ.

ಹಳೇ ಪುಸ್ತಕದ ಮಾತು ಮಾತ್ರ ಸಾಲದು ಅನ್ನುವವರಿಗೆ ಮೂಳೆಯ ಸಾಕ್ಷಿಯೂ ಇದೆ. ರೋಮ್‌ನಿಂದ ಉತ್ತರಕ್ಕೆ ಲುನ್ಯಾನೋ ಇನ್ ತೆವೆರಿನಾ ಅನ್ನೋ ಊರಿನ ಹತ್ತಿರ ಒಂದು ಪಾಳುಬಿದ್ದ ದೊಡ್ಡ ಮನೆಯೊಳಗೆ ಮಕ್ಕಳ ಸ್ಮಶಾನ ಸಿಕ್ಕಿತು. ಕ್ರಿ.ಶ. 5ನೇ ಶತಮಾನದ ನಡುವಿನದು. ಮೊದಲ ಸುತ್ತಿನ ಅಗೆತದಲ್ಲೇ 47 ಎಳೆಯ ಮಕ್ಕಳು, ಹಲವು ದಿನ ತುಂಬದೆ ಹುಟ್ಟಿದವು. ಜೊತೆಗೆ ನಾಯಿಮರಿಗಳ ಮೂಳೆ, ಕಾಗೆ ಜಾತಿಯ ಹಕ್ಕಿಯ ಉಗುರು. ಅಲ್ಲಿನ ಒಂದು ಮಗುವಿನ ಮೂಳೆಯಲ್ಲಿ ಫಾಲ್ಸಿಪಾರಂ ಡಿಎನ್ಎ ಗುರುತು ಸಿಕ್ಕಿತು ಅಂತ 2001ರಲ್ಲಿ ಪ್ರಕಟವಾಯಿತು. ಬಸುರಿಯರಿಗೆ ಫಾಲ್ಸಿಪಾರಂ ಬಂದರೆ ಗರ್ಭ ನಿಲ್ಲುವುದು ಕಷ್ಟ, ಅದು ಈಗಲೂ ಹಾಗೆಯೇ. 2018ರಲ್ಲಿ ಅದೇ ಜಾಗದಲ್ಲಿ ಹತ್ತು ವರ್ಷದ ಆಸುಪಾಸಿನ ಮಗುವೊಂದು ಬಾಯಿಗೆ ಕಲ್ಲು ತುರುಕಿದ ಸ್ಥಿತಿಯಲ್ಲಿ ಸಿಕ್ಕಿತು. ಸತ್ತದ್ದು ಎದ್ದು ಬಂದು ರೋಗ ಹಂಚಬಾರದು ಅಂತ ಇರಬೇಕು. ದೇಶ ಆ ಹೊತ್ತಿಗೆ ಕ್ರೈಸ್ತವಾಗಿ ಎಷ್ಟೋ ಕಾಲವಾಗಿತ್ತು, ಹೆದರಿಕೆ ಮಾತ್ರ ಮತ ಬದಲಾಯಿಸಿರಲಿಲ್ಲ. ಅದಕ್ಕಿಂತ ಹಿಂದಿನದ್ದು ಬೇಕಾದರೆ, ದಕ್ಷಿಣ ಇಟಲಿಯ ವೆಲಿಯಾ ಮತ್ತು ವಾನ್ಯಾರಿಯಲ್ಲಿ 1-2ನೇ ಶತಮಾನದ ಹಲ್ಲುಗಳಿಂದ ಫಾಲ್ಸಿಪಾರಂ ಡಿಎನ್ಎ ತೆಗೆದದ್ದು 2016ರಲ್ಲಿ ಬಂತು.

ಗುಡ್ಡದ ಮೇಲೆ ಗುಡಿ ಯಾಕೆ ಅಂತ ಕೇಳಿದ್ದೀರಿ. ನನ್ನ ಊಹೆ ಹೇಳುತ್ತೇನೆ. ಗುಡ್ಡಗಳ ನಡುವಿನ ತಗ್ಗು ಮೊದಲು ಜೌಗು. ಫೋರಂ, ಅಂದರೆ ಊರಿನ ಸಭೆ-ಸಂತೆಯ ಬಯಲು, ಇದ್ದ ಜಾಗವನ್ನೇ ಚರಂಡಿ ತೋಡಿ ಒಣಗಿಸಿದ್ದು. ಸುತ್ತ ರೋಗದ ಸೀಮೆ ಇದ್ದರೂ, ರೋಮ್ ಕಟ್ಟಿದವನು ಅನ್ನುವ ರೋಮುಲಸ್ ಆರೋಗ್ಯದ ಜಾಗ ಆರಿಸಿಕೊಂಡ ಅಂತ ಸಿಸೆರೋನೇ ಒಂದು ಕಡೆ ಹೊಗಳುತ್ತಾನೆ. ಜನ ವಾಸವಿದ್ದದ್ದು ಗುಡ್ಡದ ಮೇಲೆ, ಜ್ವರ ಹತ್ತಿ ಬರುತ್ತಿದ್ದದ್ದು ತಗ್ಗಿನಿಂದ. ಹಾಗಿರುವಾಗ ದೇವಿಯನ್ನು ಮನೆ ಬಾಗಿಲಲ್ಲೇ ಕೂರಿಸಿ ಮಾತಾಡಿಸುವುದು ವಾಸಿ ಅನಿಸಿರಬಹುದು.

ತೋಟದಮನೆ, ಶಿರಸಿ ತಾಲೂಕು

ತಂಗೀ, ನಿಮ್ಮ ಚಿಕ್ಕಪ್ಪ ನಮ್ಮೂರಿನವರೇ ಆದರೂ ನಾನು ಅವರ ಮಾತು ಒಪ್ಪುವುದಿಲ್ಲ. ಮಾರಿಯೂ ಫೆಬ್ರಿಸ್ಸೂ ಒಂದೇ ಅಂದರೆ ಇಬ್ಬರಿಗೂ ಅನ್ಯಾಯ.

ಮಾರಿ ಊರಿನ ಒಡತಿ. ಸಿಡುಬು, ಕಾಲರಾ ಅವಳ ಕೈಯಲ್ಲಿ ಇರುವವು, ಅವೇ ಅವಳಲ್ಲ. ಶಿರಸಿ ಜಾತ್ರೆ ಒಮ್ಮೆ ನೋಡಿದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಎರಡು ವರ್ಷಕ್ಕೊಮ್ಮೆ, ಫಾಲ್ಗುಣದಲ್ಲಿ. ಮೊದಲೇ ವಾರಗಟ್ಟಲೆ ಹೊರಬೀಡು, ಆಮೇಲೆ ದೇವಿಗೆ ಮದುವೆ, ಆಮೇಲೆ ರಥ, ಬಿಡ್ಕಿಬೈಲಿನ ಗದ್ದುಗೆ, ಲಕ್ಷ ಲಕ್ಷ ಜನ, ಉಡಿ, ಬೇವಿನಸೊಪ್ಪು, ಬಳೆ ಅಂಗಡಿ, ನಾಟಕದ ಟೆಂಟು. ಮುಗಿದ ಮೇಲೆ ಮತ್ತೆ ಯುಗಾದಿಗೆ ಪ್ರತಿಷ್ಠೆ. ಅವಳಿಗೆ ಕಥೆ ಇದೆ, ಗಂಡ ಇದ್ದ, ಸಿಟ್ಟು ಇದೆ, ತವರು ಇದೆ. ಕೋಣ ಕಡಿಯುವುದು ನಿಂತು ಎಷ್ಟೋ ದಶಕ ಆಯಿತು, ಗಾಂಧೀಜಿ 1934ರಲ್ಲಿ ಇಲ್ಲಿಗೆ ಬಂದಾಗಿನ ಮಾತು ಅದು. ಬಲಿ ನಿಂತರೂ ದೇವಿ ನಿಂತಳು. ಸಿಡುಬು ಪ್ರಪಂಚದಿಂದಲೇ ಹೋಯಿತು, ಆದರೂ ಜಾತ್ರೆಗೆ ಜನ ಜಾಸ್ತಿಯೇ ಆದರು. ರೋಗವೇ ದೇವಿ ಆಗಿದ್ದರೆ ರೋಗ ಹೋದ ದಿನ ಗುಡಿ ಬಾಗಿಲು ಹಾಕಬೇಕಿತ್ತು, ಅಲ್ವಾ?

ನಿಮ್ಮ ಫೆಬ್ರಿಸ್‌ಗೆ ನೀವೇ ಹೇಳಿದ ಹಾಗೆ ಏನೂ ಇಲ್ಲ. ಹಬ್ಬದ ದಿನ ಇಲ್ಲ, ಸಂಸಾರ ಇಲ್ಲ. ಬರೀ ಜ್ವರ, ಅದರ ಮುಂದೆ ಒಂದು ಪೀಠ. ನನಗೆ ಅವಳಿಗಿಂತ ಹತ್ತಿರ ಅನಿಸೋದು ಭಾಗವತದ ಜ್ವರ. ಬಾಣಾಸುರನ ಕಥೆ ಯಕ್ಷಗಾನದಲ್ಲಿ ನೋಡಿದವರಿಗೆ ನೆನಪಿರಬಹುದು, ಶಿವನ ಕಡೆಯಿಂದ ಮೂರು ತಲೆ ಮೂರು ಕಾಲಿನ ಜ್ವರ ಯುದ್ಧಕ್ಕೆ ಬರುತ್ತದೆ, ಕೃಷ್ಣ ತನ್ನದೇ ಇನ್ನೊಂದು ಜ್ವರವನ್ನು ಬಿಡುತ್ತಾನೆ, ಜ್ವರಕ್ಕೂ ಜ್ವರಕ್ಕೂ ಹೊಡೆದಾಟ. ಅಲ್ಲಿ ಜ್ವರವೇ ಮೈ ತಳೆದು ನಿಲ್ಲುತ್ತದೆ, ಸೋತ ಮೇಲೆ ಕೈಮುಗಿದು ಸ್ತೋತ್ರವನ್ನೂ ಹೇಳುತ್ತದೆ. ಹೋಲಿಕೆ ಬೇಕೇ ಬೇಕು ಅಂದರೆ ಇದನ್ನು ಹಿಡಿಯಿರಿ, ಮಾರಿಯನ್ನು ಬಿಡಿ.

ಸ್ಲೈಡು ಮತ್ತು ಸೂಜಿ, ಕುಮಟಾ

ತೋಟದಮನೆಯವರ ವಾದಕ್ಕೆ ನಮ್ಮ ಜಿಲ್ಲೆಯದ್ದೇ ಒಂದು ಪುರಾವೆ ಸೇರಿಸುತ್ತೇನೆ. ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಸೂಪಾ ಕಡೆ ಒಂದು ಕಾಲದಲ್ಲಿ ಚಳಿಜ್ವರ ಎಷ್ಟಿತ್ತು ಅಂದರೆ ಸರ್ಕಾರಿ ನೌಕರರು ಅಲ್ಲಿಗೆ ವರ್ಗ ಅಂದರೆ ಹೆದರುತ್ತಿದ್ದರು. ಮಕ್ಕಳ ಹೊಟ್ಟೆಯ ಎಡಗಡೆ ಜ್ವರಗಡ್ಡೆ, ಅಂದರೆ ಊದಿದ ಗುಲ್ಮ, ಕೈಗೆ ಸಿಗುವುದು ಮಾಮೂಲು. ಆಗ ನಾವು ಮುಂಬಯಿ ಪ್ರಾಂತ್ಯದಲ್ಲಿದ್ದೆವು. ಭಾರತದ ಹಳ್ಳಿಗಳಲ್ಲಿ ಮನೆಗೋಡೆಗೆ ಡಿಡಿಟಿ ಹೊಡೆದು ಮಲೇರಿಯಾ ತಡೆಯುವ ದೊಡ್ಡ ಪ್ರಯೋಗ ಮೊದಲು ನಡೆದ ಜಾಗಗಳಲ್ಲಿ ನಮ್ಮ ಕೆನರಾ ಮತ್ತು ಧಾರವಾಡ ಜಿಲ್ಲೆಗಳು ಸೇರಿದ್ದವು, 1946ರ ಸುಮಾರಿಗೆ, ಡಿ.ಕೆ. ವಿಶ್ವನಾಥನ್ ಎಂಬ ವೈದ್ಯರ ನೇತೃತ್ವದಲ್ಲಿ. ಅದು ಗೆದ್ದ ಮೇಲೆ ದೇಶದ ಬೇರೆ ಕಡೆ ಹೋಯಿತು. ಚಳಿಜ್ವರ ಇಳಿಯಿತು, ಮಾರಿ ಜಾತ್ರೆ ಇಳಿಯಲಿಲ್ಲ.

ಇನ್ನೊಂದು ಚೋದ್ಯ. ನಮ್ಮ ಘಟ್ಟದ ಮಲೇರಿಯಾ ಸೊಳ್ಳೆ, ಅನಾಫಿಲಿಸ್ ಫ್ಲುವಿಯಾಟಿಲಿಸ್, ಕೊಳಚೆಯಲ್ಲಿ ಹುಟ್ಟೋದಲ್ಲ, ನಿಧಾನ ಹರಿಯುವ ತಿಳಿನೀರಿನ ಹಳ್ಳದ ಅಂಚಿನಲ್ಲಿ ಹುಟ್ಟುತ್ತದೆ. ತೋಟದ ಕಾಲುವೆ ಅದಕ್ಕೆ ಸ್ವರ್ಗ. ರೋಮ್ ಕಡೆಯ ಮುಖ್ಯ ಸೊಳ್ಳೆಗೆ ಕರಾವಳಿಯ ಜೌಗು, ಸ್ವಲ್ಪ ಉಪ್ಪು ಬೆರೆತ ನೀರಾದರೂ ಆದೀತು. ನಮ್ಮ ಅಘನಾಶಿನಿ ಗಜನಿ ಥರದ ಜಾಗ ಅಂದುಕೊಳ್ಳಿ. ಅವರು ಕೆಟ್ಟ ಗಾಳಿಯಿಂದ ಜ್ವರ ಅಂತ ನಂಬಿದ್ದರು. ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿಯನ್ನು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡದ್ದು 1897ರಲ್ಲಿ. ಮರುವರ್ಷ ಅನಾಫಿಲಿಸ್ ಸೊಳ್ಳೆಯಿಂದ ಮನುಷ್ಯನಿಗೆ ದಾಟುತ್ತದೆ ಅಂತ ತೋರಿಸಿದವನು ಜೊವಾನ್ನಿ ಗ್ರಾಸಿ, ಅದೂ ರೋಮ್ ಊರಿನಲ್ಲೇ. ಫೆಬ್ರಿಸ್ ಊರಿನಲ್ಲೇ ಅವಳ ಗುಟ್ಟು ಬಯಲಾಯಿತು.

ಸುಮ್ನೆ ಓದುಗ, ಅಂಕೋಲಾ

ಎಲ್ಲ ಓದಿದೆ. ಒಂದು ಅನುಮಾನ. ಇಷ್ಟು ಬುದ್ಧಿವಂತ ಜನ, ನೀರು ತರೋಕೆ ಮೈಲಿಗಟ್ಟಲೆ ಕಾಲುವೆ ಕಟ್ಟಿದವರು, ಜ್ವರಕ್ಕೆ ಗುಡಿ ಕಟ್ಟಿ ಕೂತರಾ? ವೈದ್ಯರು ಇರಲಿಲ್ವಾ? ಇದು ಮೂಢನಂಬಿಕೆ ಅಂತ ನೇರ ಹೇಳೋಕೆ ಯಾಕೆ ಎಲ್ಲರಿಗೂ ಸಂಕೋಚ?

ನಿವೃತ್ತ ಮೇಷ್ಟ್ರು, ಹೊನ್ನಾವರ

ವೈದ್ಯರು ಇದ್ದರು, ಕುಮಟಾದವರು ಹೇಳಿದರಲ್ಲ, ಗ್ಯಾಲೆನ್ನೇ ಇದ್ದ. ಆದರೆ ವೈದ್ಯರ ಕೈಯಲ್ಲಿ ಔಷಧ ಏನಿತ್ತು? ಉಪವಾಸ, ರಕ್ತ ತೆಗೆಯುವುದು, ದ್ರಾಕ್ಷಾರಸ, ಸ್ನಾನ ಮಾಡು ಅಥವಾ ಮಾಡಬೇಡ. ಕ್ವಿನೈನ್ ಇರುವ ತೊಗಟೆ ಪೆರು ದೇಶದಿಂದ ರೋಮ್‌ಗೆ ಬಂದದ್ದು 17ನೇ ಶತಮಾನದಲ್ಲಿ, ಜೆಸ್ಯೂಟ್ ಪಾದ್ರಿಗಳ ಮೂಲಕ. ಅಲ್ಲಿಯವರೆಗೆ ಪೋಪ್ ಆರಿಸಲು ಸೇರಿದ ಕಾರ್ಡಿನಲ್‌ಗಳೇ ರೋಮ್‌ನ ಬೇಸಿಗೆ ಜ್ವರಕ್ಕೆ ಸಿಕ್ಕಿ ಸಾಯುತ್ತಿದ್ದರು, 1623ರಲ್ಲಿ ಹಾಗೇ ಆಯಿತು. ಅಂಜೂರ ಹಣ್ಣಾಗುವ ಸೆಕೆಯ ದಿನಗಳು ಜ್ವರ ತರುತ್ತವೆ, ಉಯಿಲು ಬಿಚ್ಚಿಸುತ್ತವೆ ಅಂತ ಹೊರೇಸ್ ಕವಿ ತಮಾಷೆಯಂತೆ ಬರೆದದ್ದು ತಮಾಷೆಯಲ್ಲ. ಕಾಸಿದ್ದವರು ಆ ತಿಂಗಳುಗಳಲ್ಲಿ ಊರು ಬಿಟ್ಟು ಗುಡ್ಡಗಾಡಿನ ಮನೆಗೆ ಹೋಗುತ್ತಿದ್ದರು. ಬಡವರಿಗೆ ಉಳಿದದ್ದು ಫೆಬ್ರಿಸ್.

ಪ್ಲಿನಿ ಇದನ್ನು ಮುಚ್ಚಿಡದೆ ಹೇಳುತ್ತಾನೆ. ನಾಲ್ಕನೇ ದಿನದ ಜ್ವರಕ್ಕೆ ವೈದ್ಯಶಾಸ್ತ್ರ ಹೆಚ್ಚುಕಡಿಮೆ ಕೈಚೆಲ್ಲಿದೆ, ಆದ್ದರಿಂದ ಮಂತ್ರವಾದಿಗಳ ಮದ್ದುಗಳನ್ನು ಬರೆಯುತ್ತೇನೆ ಅಂತ. ಗಿಡುಗ ಹೊರಳಾಡಿದ ಜಾಗದ ಧೂಳನ್ನು ಬಟ್ಟೆಯಲ್ಲಿ ಕಟ್ಟಿ ಕೆಂಪು ನೂಲಿನಲ್ಲಿ ಕೊರಳಿಗೆ ಹಾಕುವುದು ಅದರಲ್ಲಿ ಒಂದು. ನಮ್ಮ ಮಕ್ಕಳು ಮ್ಯಾಜಿಕ್ ಆಟದಲ್ಲಿ ಕೂಗುವ ಅಬ್ರಕದಬ್ರ ಕೂಡ ಇಲ್ಲಿಯದೇ. ಕ್ವಿಂಟಸ್ ಸೆರೆನಸ್ ಎಂಬಾತ ಪದ್ಯದಲ್ಲಿ ಬರೆದ ಚಿಕಿತ್ಸೆಗಳಲ್ಲಿ ಅದು ನಮಗೆ ತಿಳಿದ ಹಾಗೆ ಮೊದಲ ಸಲ ಬರುತ್ತದೆ, ಅದೇ ಕೊಲ್ಲುವ ಅರೆ-ಟರ್ಷಿಯನ್ ಜ್ವರಕ್ಕೆ. ಸಾಲಿನಿಂದ ಸಾಲಿಗೆ ಒಂದೊಂದು ಅಕ್ಷರ ಬಿಡುತ್ತಾ ಬರೆದು, ಕೊನೆಗೆ ಒಂದೇ ಅಕ್ಷರ ಉಳಿಯುವಂತೆ ಮಾಡಿ, ನಾರಿನ ದಾರದಲ್ಲಿ ಕೊರಳಿಗೆ ಕಟ್ಟಬೇಕು. ಅಕ್ಷರ ಸವೆದ ಹಾಗೆ ಜ್ವರವೂ ಸವೆಯಲಿ ಅಂತ. ಫೆಬ್ರಿಸ್ ಗುಡಿಗೆ ತಂದೊಪ್ಪಿಸುತ್ತಿದ್ದ "ಮೈಗೆ ಕಟ್ಟಿದ ಮದ್ದು" ಇಂಥವೇ ಇದ್ದಿರಬೇಕು.

ಮೂಢನಂಬಿಕೆ ಅನ್ನಿ, ನನ್ನದೇನೂ ತಕರಾರಿಲ್ಲ. ಸಿಸೆರೋ ಕೂಡ ಹಾಗೇ ಅಂದ. ಸಂತ ಅಗಸ್ಟಿನ್ ಅಂತೂ ರೋಗವನ್ನೂ ದೇವರು ಮಾಡಿಕೊಂಡವರು ಅಂತ ಚೆನ್ನಾಗಿ ಆಡಿಕೊಂಡ. ಆದರೆ ಆಡಿಕೊಂಡ ಇಬ್ಬರ ಹತ್ತಿರವೂ ಜ್ವರಕ್ಕೆ ಬೇರೆ ಮದ್ದು ಇರಲಿಲ್ಲ.

ಕೋಡಿಬಾಗ್ ಹುಡುಗಿ, ಕಾರವಾರ

ಅಬ್ಬಾ, ಇಷ್ಟು ಸಿಗುತ್ತೆ ಅಂತ ಅಂದುಕೊಂಡಿರಲಿಲ್ಲ. ತುಂಬಾ ಥ್ಯಾಂಕ್ಸ್. ಮಾರಿ ಹೋಲಿಕೆ ಬಿಟ್ಟೆ, ಚಿಕ್ಕಪ್ಪನಿಗೆ ತೋಟದಮನೆಯವರ ಉತ್ತರ ಕಳಿಸಿದ್ದೇನೆ. ಅವರು ಇನ್ನೂ ಏನೂ ಹೇಳಿಲ್ಲ, ಅಂದರೆ ದೊಡ್ಡ ಉತ್ತರ ತಯಾರಾಗುತ್ತಿದೆ ಅಂತ ಅರ್ಥ.

ಒಂದು ಆಸೆ ಉಳಿದಿದೆ. ಅವಳದ್ದು ಅಂತ ಒಂದೇ ಒಂದು ಕಥೆ ಇಲ್ವಾ? ಅವಳು ಎಲ್ಲೂ ಬಾಯಿ ತೆರೆದು ಮಾತೇ ಆಡಿಲ್ವಾ?

ನಿವೃತ್ತ ಮೇಷ್ಟ್ರು, ಹೊನ್ನಾವರ

ಆಡಿದ್ದಾಳೆ! ಮರೆತೇ ಬಿಡುತ್ತಿದ್ದೆವು. ಅದೂ ತತ್ವಜ್ಞಾನಿ ಸೆನೆಕಾನ ಕೈಯಲ್ಲಿ. ಕ್ರಿ.ಶ. 54ರಲ್ಲಿ ಕ್ಲಾಡಿಯಸ್ ಚಕ್ರವರ್ತಿ ಸತ್ತ. ಸತ್ತ ಚಕ್ರವರ್ತಿಯನ್ನು ದೇವರು ಅಂತ ಸಾರುವುದು ಅಲ್ಲಿನ ಪದ್ಧತಿ. ಸೆನೆಕಾಗೆ ಅವನ ಮೇಲೆ ಹಳೇ ಸಿಟ್ಟು, ಅವನನ್ನು ಕಾರ್ಸಿಕಾ ದ್ವೀಪಕ್ಕೆ ಗಡೀಪಾರು ಮಾಡಿದ್ದು ಕ್ಲಾಡಿಯಸ್ಸೇ. ಹಾಗಾಗಿ ಕ್ಲಾಡಿಯಸ್ ಸ್ವರ್ಗದ ಬಾಗಿಲಿಗೆ ಹೋಗಿ ಪಡುವ ಪಾಡನ್ನು ಒಂದು ಲೇವಡಿ ಕಥೆ ಮಾಡಿ ಬರೆದ.

ಸ್ವರ್ಗದಲ್ಲಿ ಯಾರಿಗೂ ಈ ಆಸಾಮಿ ಯಾರು ಅಂತ ಗೊತ್ತಾಗುವುದಿಲ್ಲ. ತಲೆ ಅಲ್ಲಾಡಿಸುತ್ತಾ, ಕಾಲೆಳೆಯುತ್ತಾ ಬಂದಿದ್ದಾನೆ, ಮಾತು ಅರ್ಥವಾಗುವುದಿಲ್ಲ. ವಿಚಾರಿಸಲು ಹರ್ಕ್ಯುಲಿಸ್‌ನನ್ನು ಕಳಿಸುತ್ತಾರೆ. ಕ್ಲಾಡಿಯಸ್ ಹೋಮರನ ಸಾಲು ಹೇಳಿ ತಾನು ಟ್ರಾಯ್ ವಂಶದವನು ಅನ್ನುವ ಹಾಗೆ ದೊಡ್ಡಸ್ತಿಕೆ ತೋರಿಸುತ್ತಾನೆ. ಹರ್ಕ್ಯುಲಿಸ್ ನಂಬಿಯೇ ಬಿಡುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಫೆಬ್ರಿಸ್ ಬಾಯಿ ಹಾಕುತ್ತಾಳೆ. ರೋಮ್‌ನ ಬೇರೆ ದೇವರೆಲ್ಲ ರೋಮ್‌ನಲ್ಲೇ ಉಳಿದರು, ತನ್ನ ಗುಡಿ ಬಿಟ್ಟು ಅವನ ಜೊತೆ ಅಷ್ಟು ದೂರ ಬಂದವಳು ಇವಳೊಬ್ಬಳೇ. ಇವನು ಹೇಳೋದೆಲ್ಲ ಸುಳ್ಳು, ಇಷ್ಟು ವರ್ಷ ಇವನ ಜೊತೆ ಸಂಸಾರ ಮಾಡಿದವಳು ನಾನು ಹೇಳುತ್ತೇನೆ ಕೇಳು, ಇವನು ಹುಟ್ಟಿದ್ದು ಲುಗ್ಡುನಂನಲ್ಲಿ, ಅಸಲಿ ಗಾಲ್ ಇವನು, ಗಾಲ್‌ಗಳು ಮಾಡುವ ಕೆಲಸವನ್ನೇ ಮಾಡಿದ, ರೋಮ್ ವಶಮಾಡಿಕೊಂಡ, ಅನ್ನುವ ಧಾಟಿಯಲ್ಲಿ ಬಾಯಿಬಿಡುತ್ತಾಳೆ. ಲುಗ್ಡುನಂ ಅಂದರೆ ಈಗಿನ ಲಿಯೋನ್. ಅವನು ನಿಜವಾಗಿ ಹುಟ್ಟಿದ್ದೂ ಅಲ್ಲೇ. ಗಾಲ್‌ಗಳು, ಅಂದರೆ ಈಗಿನ ಫ್ರಾನ್ಸ್ ಕಡೆಯ ಜನ, ಒಮ್ಮೆ ರೋಮ್ ಊರನ್ನು ಲೂಟಿ ಮಾಡಿದ್ದ ನೋವು ರೋಮನ್ನರಿಗೆ ಶತಮಾನಗಟ್ಟಲೆ ಮರೆತಿರಲಿಲ್ಲ, ಆ ಗಾಯಕ್ಕೇ ಕೈ ಹಾಕಿ ನಗಿಸುತ್ತಾಳೆ.

ಕ್ಲಾಡಿಯಸ್‌ಗೆ ಮೈಯೆಲ್ಲ ಉರಿ. ಬದುಕಿದ್ದಾಗ ತಲೆ ತೆಗೆಸಲು ಮಾಡುತ್ತಿದ್ದ ಕೈಸನ್ನೆಯನ್ನೇ ಮಾಡಿ, ಫೆಬ್ರಿಸ್ ಕತ್ತು ಕತ್ತರಿಸಿ ಅಂತ ಅಪ್ಪಣೆ ಕೊಡುತ್ತಾನೆ. ಒಬ್ಬರೂ ತಿರುಗಿ ನೋಡುವುದಿಲ್ಲ. ಅಲ್ಲಿದ್ದವರೆಲ್ಲ ಅವನ ಮನೆಯ ಬಿಡುಗಡೆಯಾದ ಗುಲಾಮರೇ ಇರಬೇಕು, ಅವನ ಮಾತಿಗೆ ಅಷ್ಟು ಬೆಲೆ, ಅಂತ ಸೆನೆಕಾ ಚುಚ್ಚುತ್ತಾನೆ.

ತೋಟದಮನೆ, ಶಿರಸಿ ತಾಲೂಕು

ಇದು ಚೆನ್ನಾಗಿದೆ. ಜ್ವರದ ತಲೆ ಕಡಿಯಿರಿ ಅನ್ನುವ ರಾಜ! ಸೆಮಿನಾರು ಇದರಿಂದಲೇ ಶುರು ಮಾಡು ತಂಗೀ, ಹಿಂದಿನ ಬೆಂಚೂ ಎದ್ದು ಕೂರುತ್ತದೆ.

ಸ್ಲೈಡು ಮತ್ತು ಸೂಜಿ, ಕುಮಟಾ

ಮೇಷ್ಟ್ರೇ, ವ್ಯಾಟಿಕನ್‌ನಲ್ಲಿ ಜ್ವರದ ಮೇರಿ ಮಾತೆ ಅಂತ ಒಂದು ಚರ್ಚು ಇತ್ತು, ಅದು ಫೆಬ್ರಿಸ್ ಗುಡಿಯ ಮುಂದುವರಿಕೆ ಅಂತ ಎಲ್ಲೋ ಓದಿದ್ದೆ. ಅದನ್ನೂ ಸೇರಿಸಬಹುದಾ ಇವರು?

ನಿವೃತ್ತ ಮೇಷ್ಟ್ರು, ಹೊನ್ನಾವರ

ಚರ್ಚು ಇದ್ದದ್ದು ನಿಜ. ಹಳೆಯ ಸಂತ ಪೀಟರ್ ಚರ್ಚಿನ ಪಕ್ಕದಲ್ಲಿ ರೋಮನ್ ಕಾಲದ ಒಂದು ದುಂಡನೆಯ ಸಮಾಧಿ ಕಟ್ಟಡ ಇತ್ತು, ಅದನ್ನು ಆಮೇಲೆ ಜ್ವರದ ಮೇರಿಯ ಹೆಸರಿನಲ್ಲಿ ಕರೆದರು, ಜನ ಜ್ವರಕ್ಕೆ ಹರಕೆ ಹೊರುತ್ತಿದ್ದರು. 18ನೇ ಶತಮಾನದ ಕೊನೆಯ ಹೊತ್ತಿಗೆ ಕೆಡವಿಬಿಟ್ಟರು. ಆದರೆ ಅದು ಫೆಬ್ರಿಸ್‌ನ ಮುಂದುವರಿಕೆ ಅನ್ನುವುದಕ್ಕೆ ಆಧಾರ ಬಲವಾಗಿಲ್ಲ. ಊರಲ್ಲಿ ಮಲೇರಿಯಾ ಇನ್ನೂ ಇತ್ತು, ಜನ ತಮ್ಮ ಕಾಲದ ದೇವರ ಹತ್ತಿರ ಹೋದರು, ಅದಕ್ಕೆ ಹಳೇ ಗುಡಿಯ ನೆನಪು ಬೇಕಾಗಿಲ್ಲ. ಮೇಲಾಗಿ ಫೆಬ್ರಿಸ್‌ನ ಮೂರು ಗುಡಿಗಳೂ ಟೈಬರ್ ನದಿಯ ಪೂರ್ವ ದಡದಲ್ಲಿ, ವ್ಯಾಟಿಕನ್ ಪಶ್ಚಿಮ ದಡದಲ್ಲಿ. ಬೇಕಾದರೆ ಸೇರಿಸಿ, ಆದರೆ ನಿಮ್ಮ ಮೇಡಂ ನಕ್ಷೆ ಹಿಡಿದುಕೊಂಡು, ದೇವಿ ನದಿ ದಾಟಿದ್ದು ಹೇಗಮ್ಮಾ ಅಂತ ಕೇಳಿದರೆ ಏನು ಹೇಳಬೇಕು ಅಂತ ಮೊದಲೇ ಯೋಚಿಸಿಕೊಂಡು ಹೋಗಿ.